ವಿನೆಗರ್ ಮೇಲೆ ಕಟ್ಟಿದ ಬಿಳಿ ಪದರ ಏನು?

ಪ್ರಶ್ನೆ: ಕಾಯಿ ಒಡೆದ ನೀರಿಗೆ ಸಕ್ಕರೆ ಹಾಕಿ ಮನೆಯಲ್ಲೇ ವಿನೆಗರ್ ಮಾಡಿದ್ದೇವೆ. ಮೇಲೆ ಜೆಲ್ಲಿಯಂಥ ಪದರ ಬಂದಿದೆ, ಎಳೆದರೂ ಹರಿಯುವುದಿಲ್ಲ. ಕೆಟ್ಟು ಹೋಯಿತಾ?
– ಕುಮಟಾದ ಓದುಗರೊಬ್ಬರು

ಉತ್ತರ: ನುಣುಪಾಗಿ, ಬೆಳ್ಳಗೆ ಇದ್ದರೆ ಗಾಬರಿ ಬೇಡ. ಅದು ಸೆಲ್ಯುಲೋಸ್. ಹತ್ತಿಯ ಎಳೆಯಲ್ಲಿರುವುದೂ ಅದೇ, ದಾಂಡೇಲಿಯಲ್ಲಿ ತಯಾರಾಗುವ ಕಾಗದದಲ್ಲಿರುವುದೂ ಅದೇ. ಮೇಲೆ ರೋಮದಂಥದ್ದು ಎದ್ದಿದ್ದರೆ ಮಾತ್ರ ಬೂಷ್ಟು. ಆಗ ಪೂರ್ತಿ ಚೆಲ್ಲಿಬಿಡಿ.

ಈ ಪದರ ಮಾಡುವುದು ಹುಳಿ ಬರಿಸುವ ಬ್ಯಾಕ್ಟೀರಿಯಾಗಳ ಬಳಗ. ಅವುಗಳಲ್ಲಿ ಹೆಸರಾದದ್ದು ಕೊಮಗಟೈಬ್ಯಾಕ್ಟರ್ ಜೈಲಿನಸ್. ಈ ಪದರ ಸೆಲ್ಯುಲೋಸೇ ಎಂದು 1886ರಲ್ಲಿ ಬ್ರಿಟನ್ನಿನ ವಿಜ್ಞಾನಿ ಎ. ಜೆ. ಬ್ರೌನ್ ತೋರಿಸಿದ್ದರು.

ಸೆಲ್ಯುಲೋಸ್ ಅಂದರೆ ಗ್ಲೂಕೋಸ್ ಎಂಬ ಸರಳ ಸಕ್ಕರೆಯ ಉದ್ದ ಸರಪಳಿ. ನೀವು ಹಾಕಿದ ಸಕ್ಕರೆ ಒಡೆದಾಗ ಈ ಗ್ಲೂಕೋಸ್ ಸಿಗುತ್ತದೆ. ಆದರೆ ಗ್ಲೂಕೋಸ್‌ಗಳು ತಾವಾಗಿ ಒಂದಕ್ಕೊಂದು ಕೂಡುವುದಿಲ್ಲ, ಅದಕ್ಕೆ ಶಕ್ತಿ ಬೇಕು. ಹಾಗಾಗಿ ಬ್ಯಾಕ್ಟೀರಿಯಾ ಮೊದಲು ಗ್ಲೂಕೋಸ್‌ಗೆ ಫಾಸ್ಫೇಟ್ (ರಂಜಕವಿರುವ ಸಣ್ಣ ಗುಂಪು) ಅಂಟಿಸುತ್ತದೆ. ಗ್ಲೂಕೋಸಿನಲ್ಲಿರುವ ಆರು ಇಂಗಾಲಗಳ ಪೈಕಿ ಆರನೆಯದರಲ್ಲಿ ಕೂತ ಫಾಸ್ಫೇಟನ್ನು ಒಂದನೆಯದಕ್ಕೆ ಸರಿಸುತ್ತದೆ. ಆಮೇಲೆ ಯುಟಿಪಿ ಎಂಬ ಶಕ್ತಿ ತುಂಬಿದ ಅಣುವಿನ ಜೊತೆ ಸೇರಿಸಿ ಯುಡಿಪಿ-ಗ್ಲೂಕೋಸ್, ಅಂದರೆ ಕೂಡಲು ಸಿದ್ಧವಾದ ಗ್ಲೂಕೋಸ್, ಮಾಡುತ್ತದೆ. ಇನ್ನು ಕೆಲಸ ಸೆಲ್ಯುಲೋಸ್ ಸಿಂಥೇಸ್ ಎಂಬ ಕಿಣ್ವದ್ದು. ಅದು ಜೀವಕೋಶದ ಪೊರೆಯಲ್ಲೇ ಕೂತಿರುತ್ತದೆ. ಯುಡಿಪಿಯನ್ನು ಕಳಚಿ, ಗ್ಲೂಕೋಸನ್ನು ಸರಪಳಿಯ ತುದಿಗೆ ಜೋಡಿಸುತ್ತದೆ. ಜೋಡಿಸುತ್ತಲೇ ಸರಪಳಿಯನ್ನು ಹೊರಕ್ಕೆ ತಳ್ಳುತ್ತದೆ.

ಸರಪಳಿಯಲ್ಲಿ ಪ್ರತಿ ಗ್ಲೂಕೋಸ್ ಪಕ್ಕದ್ದಕ್ಕೆ ತಿರುಗಮುರುಗ ಕೂರುತ್ತದೆ. ಅದಕ್ಕೇ ಎಳೆ ನೆಟ್ಟಗಿರುತ್ತದೆ. ಅನ್ನದಲ್ಲಿರುವ ಪಿಷ್ಟವೂ ಗ್ಲೂಕೋಸಿನ ಸರಪಳಿಯೇ, ಆದರೆ ಕೊಂಡಿ ಬೇರೆ ಥರದ್ದು. ಪಿಷ್ಟ ನಮಗೆ ಜೀರ್ಣವಾಗುತ್ತದೆ, ಸೆಲ್ಯುಲೋಸ್ ಆಗುವುದಿಲ್ಲ. ಒಂದೇ ಸಕ್ಕರೆ, ಕೊಂಡಿ ಬದಲಾದರೆ ಸಾಕು, ಊಟ ಹೋಗಿ ಬಟ್ಟೆಯಾಗುತ್ತದೆ! ಈ ಇಡೀ ವಿಷಯದಲ್ಲಿ ನನಗೆ ಅತಿ ಹೆಚ್ಚು ಇಷ್ಟವಾಗುವುದು ಇದೇ.

ಬ್ಯಾಕ್ಟೀರಿಯಾದ ಮೈಯುದ್ದಕ್ಕೂ ಸಾಲಾಗಿ ಇಂಥ ಎಳೆಗಳು ಹೊರಬರುತ್ತವೆ. ತೆಂಗಿನ ನಾರನ್ನು ಹುರಿ ಮಾಡಿದಂತೆ ಅವು ಒಂದಕ್ಕೊಂದು ಕೂಡಿ ಸಣ್ಣ ಪಟ್ಟಿಯಾಗುತ್ತವೆ. ಪಟ್ಟಿಗಳು ಹೆಣೆದುಕೊಂಡು ಪದರ ಕಟ್ಟುತ್ತದೆ. ಅದರ ತೂಕದಲ್ಲಿ ಬಹುಪಾಲು ನೀರೇ.

ಮೇಲೆಯೇ ಯಾಕೆ ಕಟ್ಟುತ್ತದೆ? ಈ ಬ್ಯಾಕ್ಟೀರಿಯಾಗೆ ಆಮ್ಲಜನಕ ಬೇಕೇ ಬೇಕು. ಪದರ ಬ್ಯಾಕ್ಟೀರಿಯಾವನ್ನು ಗಾಳಿಯ ಹತ್ತಿರ ಹಿಡಿದಿಡುತ್ತದೆ.

ಫಿಲಿಪ್ಪೀನ್ಸ್‌ನಲ್ಲಿ ತೆಂಗಿನಕಾಯಿ ನೀರಿನಲ್ಲಿ ಇದನ್ನೇ ಬೇಕೆಂದು ಬೆಳೆಸಿ, ತುಂಡು ಮಾಡಿ, ಸಕ್ಕರೆ ಪಾಕದಲ್ಲಿ ಹಾಕಿ ತಿನ್ನುತ್ತಾರೆ. ನಾಟಾ ಡಿ ಕೊಕೊ ಅಂತ ಹೆಸರು. ನಮ್ಮ ಕರಾವಳಿಯಲ್ಲಿ ಕೊಬ್ಬರಿಗೆ ಕಾಯಿ ಒಡೆದಾಗ ಎಷ್ಟೋ ನೀರು ಸುಮ್ನೆ ಹರಿದು ಹೋಗುತ್ತದೆ, ಅಲ್ವಾ? ಹೊನ್ನಾವರ, ಅಂಕೋಲಾ ಕಡೆ ಯಾರಾದರೂ ಇದನ್ನು ಕೈಗೆತ್ತಿಕೊಳ್ಳಬೇಕು.

ನೀವು ಪದರ ತೆಗೆದು, ವಿನೆಗರ್ ಸೋಸಿ ಬಳಸಿ. ಒಂದು ತುಂಡನ್ನು ಸ್ವಲ್ಪ ವಿನೆಗರ್ ಜೊತೆ ತೆಗೆದಿಡಿ. ಮುಂದಿನ ಸಲ ಹಾಕಿದರೆ ಬೇಗ ಹುಳಿ ಬರುತ್ತದೆ.