ಬದುವಿನ ಆಚೆಗಿನ ಸಪ್ಪಳ

ಬಸವನ ಬಾಗೇವಾಡಿ ತಾಲೂಕಿನ ಒಂದು ಹಳ್ಳಿಯಲ್ಲಿ ಎರಡು ಹೊಲಗಳ ನಡುವೆ ಒಂದೇ ಬದುವಿದೆ. ಈಚೆಗಿನ ಹೊಲದಲ್ಲಿ ಗಾಳಿಯಂತ್ರ ನಿಂತಿದೆ. ಊರವರ ಬಾಯಲ್ಲಿ ಅದು ಬರೀ ‘ಫ್ಯಾನು’. ಆಚೆಗಿನ ಹೊಲದಲ್ಲಿ ತೊಗರಿಯಿದೆ, ಮೂಲೆಯಲ್ಲಿ ಪತ್ರಾಸು ಹೊದಿಸಿದ ಮನೆಯಿದೆ. ಎರಡೂ ಹೊಲದ ಮನೆಗಳಿಂದ ಕಂಬದ ಬುಡದವರೆಗೆ ಹೆಜ್ಜೆ ಹಾಕಿ ನೋಡಿದ್ದೇನೆ. ಎರಡೂ ಕಡೆ ಹೆಚ್ಚುಕಡಿಮೆ ಮುನ್ನೂರು ಹೆಜ್ಜೆ. ಫ್ಯಾನಿಗೆ ಜಾಗ ಕೊಟ್ಟ ಹಿರಿಯರನ್ನು ‘ರಾತ್ರಿ ಸಪ್ಪಳದ ತ್ರಾಸ ಅದ ಏನ್ರಿ ಕಾಕಾ?’ ಎಂದು ಕೇಳಿದಾಗ, ‘ಯಾವ ಸಪ್ಪಳೋ ತಮ್ಮಾ? ಗಿರಣಿ ಮಗ್ಗಲ ಇರೋರು ನಿದ್ದಿ ಮಾಡಂಗಿಲ್ಲೇನು?’ ಎಂದು ನಕ್ಕು ಎಲೆಗೆ ಸುಣ್ಣ ಹಚ್ಚತೊಡಗಿದರು. ಬದು ದಾಟಿದರೆ ಉತ್ತರ ಬೇರೆ. ‘ಹಗಲೆಲ್ಲ ಏನಿಲ್ರಿ ಸರ. ರಾತ್ರಿ ಗಾಳಿ ನಿಂತು ಗಿಡದಾಗಿನ ಎಲಿ ಸೈತ ಅಲಗ್ಯಾಡದಾಗ ಸುರು ಆಗ್ತದ ನೋಡ್ರಿ, ಯಾರೋ ಕಿವ್ಯಾಗ ಕುಂತು ಉಸರ ಬಿಟ್ಟಂಗ’ ಎಂದರು ತೊಗರಿ ಹೊಲದವರು.

ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿರಬೇಕೆಂದು ತೀರ್ಮಾನಿಸುವುದು ಸುಲಭ. ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳ ಬಯಲಿನಲ್ಲಿಯೂ ಗುಡ್ಡಸಾಲುಗಳಲ್ಲಿಯೂ ಫ್ಯಾನುಗಳು ಹೆಚ್ಚಿದಂತೆಲ್ಲ ಈ ತೀರ್ಮಾನವನ್ನು ಎರಡೂ ಬಣಗಳವರು ಧಾರಾಳವಾಗಿ ಬಳಸುತ್ತಲೇ ಬಂದಿದ್ದಾರೆ. ವಿರೋಧಿಸುವವರಿಗೆ ತಿಳಿವಳಿಕೆ ಇಲ್ಲವೆಂದು ಒಂದು ಬಣ, ಒಪ್ಪಿದವರು ದುಡ್ಡು ತಿಂದಿದ್ದಾರೆಂದು ಇನ್ನೊಂದು ಬಣ. ಗಾಳಿಯಂತ್ರಗಳ ಸುತ್ತ ವಾಸಿಸುವ ಜನರ ಅಭಿಪ್ರಾಯವನ್ನು ಹಲವು ದೇಶಗಳಲ್ಲಿ ಅಳೆದು ನೋಡಿದ ಸಂಶೋಧಕರ ಫಲಿತಾಂಶಗಳನ್ನು ಓದಿದ ಮೇಲೆ ನನಗೆ ಅನಿಸಿರುವುದು, ಕಾಕಾ ಮತ್ತು ಅವರ ಬದುವಿನ ನೆರೆಯವರು ಇಬ್ಬರೂ ತಮಗೆ ಕೇಳಿಸಿದ್ದನ್ನೇ ಹೇಳುತ್ತಿದ್ದಾರೆ ಎಂದು.

ಮೊದಲು ‘ಗಾಳಿ ನಿಂತಾಗ ಸಪ್ಪಳ ಸುರು ಆಗ್ತದ’ ಎಂಬ ಮಾತನ್ನು ನೋಡೋಣ. ಗಾಳಿಯೇ ನಿಂತ ಮೇಲೆ ಫ್ಯಾನು ತಿರುಗುವುದೆಲ್ಲಿ ಬಂತು ಎಂದು ಕೇಳುವವರಿದ್ದಾರೆ. ಅರವತ್ತು ಮೀಟರ್ ಉದ್ದದ ರೆಕ್ಕೆ ನಿಮಿಷಕ್ಕೆ ಹನ್ನೆರಡು ಸುತ್ತು ತಿರುಗಿದರೆ ನೆಲದಲ್ಲಿ ನಿಂತು ನೋಡುವವರಿಗೆ ಅದು ತೂಕಡಿಸುತ್ತಿರುವಂತೆ ಕಾಣುತ್ತದೆ, ಆದರೆ ರೆಕ್ಕೆಯ ತುದಿ ಗಂಟೆಗೆ ಸುಮಾರು 270 ಕಿಲೋಮೀಟರ್ ವೇಗದಲ್ಲಿ ಗಾಳಿಯನ್ನು ಸೀಳುತ್ತಿರುತ್ತದೆ. ಸಪ್ಪಳ ಹುಟ್ಟುವುದು ಮುಖ್ಯವಾಗಿ ತುದಿಯ ಸಮೀಪ, ರೆಕ್ಕೆಯ ಹಿಂಬದಿಯ ಅಂಚಿನಿಂದ ಗಾಳಿ ಕಳಚಿಕೊಳ್ಳುವಲ್ಲಿ. ರೆಕ್ಕೆ ಕೆಳಮುಖವಾಗಿ ಬರುವಾಗ ನಮ್ಮ ಕಡೆಗೆ ಹೆಚ್ಚು ಕೇಳಿಸುತ್ತದೆ, ಮೇಲೇರುವಾಗ ಕಡಿಮೆ. ಆದ್ದರಿಂದಲೇ ಅದು ಒಂದೇ ಸಮನೆ ಮೊರೆಯದೆ ಉಸಿರಿನಂತೆ ಏರಿಳಿಯುತ್ತದೆ. ಹಗಲು ಬಿಸಿಲಿಗೆ ನೆಲ ಕಾದು ಗಾಳಿ ಮೇಲೆಕೆಳಗೆ ಕಲಸಿಹೋಗುವುದರಿಂದ ನೆಲದ ಮೇಲೂ ಗಾಳಿಯಿರುತ್ತದೆ, ಜೋಳದ ಗರಿಗಳ ಮತ್ತು ಬೇವಿನ ಎಲೆಗಳ ಸದ್ದಿನಲ್ಲಿ ಫ್ಯಾನಿನ ಸದ್ದು ಮುಚ್ಚಿಹೋಗುತ್ತದೆ. ರಾತ್ರಿ ನೆಲ ತಣಿದಾಗ ಕೆಳಗಿನ ತಂಪು ಗಾಳಿ ಭಾರವಾಗಿ ಅಲ್ಲಿಯೇ ಕುಳಿತುಬಿಡುತ್ತದೆ. ನೂರು ಮೀಟರ್ ಎತ್ತರದ ಗಾಳಿ ಮಾತ್ರ ನೆಲದ ಹಿಡಿತ ತಪ್ಪಿಸಿಕೊಂಡು ಇನ್ನಷ್ಟು ಜೋರಾಗಿ ಬೀಸುತ್ತದೆ. ಹೀಗೆ ಎಲೆ ಅಲುಗದ ಹೊತ್ತಿನಲ್ಲಿಯೇ ರೆಕ್ಕೆಗಳು ಪೂರ್ಣ ವೇಗದಲ್ಲಿರುತ್ತವೆ, ಮುಚ್ಚಲು ಬೇರೆ ಸದ್ದಿರುವುದಿಲ್ಲ. ನೆದರ್‌ಲ್ಯಾಂಡ್ಸ್‌ನ ಭೌತವಿಜ್ಞಾನಿ ಫ್ರಿಟ್ಸ್ ವ್ಯಾನ್ ಡೆನ್ ಬರ್ಗ್ ಅವರು ಜರ್ಮನಿಯ ಗಡಿಯಲ್ಲಿದ್ದ ಒಂದು ಗಾಳಿ ವಿದ್ಯುತ್ ಸ್ಥಾವರದ ಸುತ್ತ ರಾತ್ರಿ ಅಳತೆ ಮಾಡಿ 2004ರಲ್ಲಿ ಇದನ್ನು ಪ್ರಕಟಿಸಿದರು. ಅಳೆಯಲು ಕಾರಣ ಅಲ್ಲಿನ ನಿವಾಸಿಗಳ ದೂರು. ಹಗಲಿನ ಗಾಳಿಯ ಲೆಕ್ಕದ ಮೇಲೆ ಕಟ್ಟಿದ ಅಂದಾಜುಗಳಿಗಿಂತ ರಾತ್ರಿಯ ಸದ್ದು ಹೆಚ್ಚಿತ್ತು, ನಿವಾಸಿಗಳ ಕಿವಿ ಸರಿಯಿತ್ತು.

ಹಾಗಾದರೆ ಕಾಕಾನಿಗೆ ಏಕೆ ಕೇಳಿಸುವುದಿಲ್ಲ? ನೆದರ್‌ಲ್ಯಾಂಡ್ಸ್‌ನಲ್ಲಿಯೇ 725 ಜನರನ್ನು ಪ್ರಶ್ನಿಸಿ 2009ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಇದಕ್ಕೆ ಉತ್ತರ ಕೊಡುತ್ತದೆ. ಯಂತ್ರದಿಂದ ಆದಾಯವಿದ್ದವರು ಸಾಮಾನ್ಯವಾಗಿ ಯಂತ್ರಕ್ಕೆ ಹೆಚ್ಚು ಹತ್ತಿರವಿದ್ದರು, ಅವರ ಮನೆಗಳಿಗೆ ಬೀಳುವ ಸದ್ದೂ ಹೆಚ್ಚು. ಆದರೂ ಕಿರಿಕಿರಿಯಾಗುತ್ತದೆ ಎಂದವರು ಅವರಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಕೆನಡಾದ ಆರೋಗ್ಯ ಇಲಾಖೆ 1,238 ಜನರ ಮೇಲೆ ನಡೆಸಿ 2014ರಲ್ಲಿ ಫಲಿತಾಂಶ ಪ್ರಕಟಿಸಿದ ಅಧ್ಯಯನವೂ ಇದೇ ದಿಕ್ಕಿನದು. ಯಂತ್ರದ ಸದ್ದಿಗೂ ಜನರು ಹೇಳಿಕೊಂಡ ತಲೆಸುತ್ತು, ಅರೆತಲೆನೋವು, ನಿದ್ರಾಭಂಗಗಳಿಗೂ ಅಲ್ಲಿ ನಂಟು ಕಾಣಲಿಲ್ಲ. ಆದರೆ ಸದ್ದು ಏರಿದಂತೆ ಕಿರಿಕಿರಿ ಏರುತ್ತಿತ್ತು, ವೈಯಕ್ತಿಕ ಲಾಭವಿದ್ದವರಲ್ಲಿ ಅದು ಕಡಿಮೆಯಿತ್ತು. ನ್ಯೂಜಿಲೆಂಡಿನಲ್ಲಿ 54 ಜನರನ್ನಿಟ್ಟುಕೊಂಡು ಮಾಡಿದ ಪ್ರಯೋಗವೊಂದು ಮತ್ತೂ ಕುತೂಹಲಕರವಾಗಿದೆ. ಗಾಳಿಯಂತ್ರದ ಕಿವಿಗೆ ಕೇಳಿಸದ ತರಂಗಗಳಿಂದ ಕಾಯಿಲೆ ಬರುತ್ತದೆಂಬ ವಿಡಿಯೊವನ್ನು ಕೆಲವರಿಗೆ ಮೊದಲೇ ತೋರಿಸಿ, ಆಮೇಲೆ ಒಮ್ಮೆ ನಿಜವಾದ ತರಂಗಗಳನ್ನೂ ಇನ್ನೊಮ್ಮೆ ಬರೀ ಮೌನವನ್ನೂ ಕೇಳಿಸಲಾಯಿತು. ವಿಡಿಯೊ ನೋಡಿದವರಿಗೆ ಎರಡು ಸಲವೂ ಮೈಯಲ್ಲಿ ಏನೇನೋ ಆಯಿತು.

ಇದನ್ನು ಓದಿ ‘ಎಲ್ಲವೂ ಮನಸ್ಸಿನ ಭ್ರಮೆ’ ಎಂದುಬಿಡುವವರ ಬಗ್ಗೆ ನನಗೆ ತಕರಾರಿದೆ. ಮದುವೆ ಮನೆಯ ಬ್ಯಾಂಡು ಮನೆಯವರಿಗೆ ಸಂಭ್ರಮ, ಪರೀಕ್ಷೆಗೆ ಓದುವ ಪಕ್ಕದ ಮನೆಯ ಹುಡುಗಿಗೆ ಹಿಂಸೆ. ಆ ಹುಡುಗಿಯ ಹಿಂಸೆಯನ್ನು ನಾವು ಭ್ರಮೆ ಎನ್ನುವುದಿಲ್ಲ. ಯಾರಿಗಾಗಿ, ಯಾರ ಒಪ್ಪಿಗೆಯಿಂದ ಆಗುತ್ತಿದೆ ಎಂಬುದು ಸದ್ದಿನ ಅನುಭವದೊಳಗೇ ಸೇರಿಕೊಂಡಿರುತ್ತದೆ, ಡೆಸಿಬೆಲ್ ಮಾಪಕಕ್ಕೆ ಮಾತ್ರ ಅದು ಸಿಗುವುದಿಲ್ಲ.

ನಮ್ಮ ಭಾಗದಲ್ಲಿ ಸಪ್ಪಳಕ್ಕಿಂತ ಹೆಚ್ಚಾಗಿ ಕೇಳಿಬರುವ ದೂರು ಬೇರೆಯೇ: ‘ಫ್ಯಾನ್ ಬಂದ ಮ್ಯಾಲ ಮಳಿ ಹೋತು.’ ಮೋಡಗಳನ್ನು ಫ್ಯಾನುಗಳು ಬೀಸಿ ಓಡಿಸುತ್ತವೆಂಬ ಈ ನಂಬಿಕೆಯನ್ನು ಪಟ್ಟಣದವರು ನಗೆಚಾಟಿಕೆಯಾಗಿ ಹೇಳಿಕೊಳ್ಳುವುದುಂಟು. ಇದರ ಹಿಂದಿನ ಕಣ್ಣಳತೆಯನ್ನು ಮಾತ್ರ ನಾನು ಗೌರವಿಸುತ್ತೇನೆ. ಆಷಾಢ ಶ್ರಾವಣಗಳಲ್ಲಿ ಇಂಡಿ, ಅಥಣಿ, ಬೀಳಗಿಯ ಹೊಲದಲ್ಲಿ ನಿಂತ ರೈತನಿಗೆ ಕಾಣುವುದೇನು? ತಲೆಯ ಮೇಲೆ ಮೋಡಗಳು ಪೂರ್ವಕ್ಕೆ ಓಡುತ್ತಿರುತ್ತವೆ, ಹನಿ ಬೀಳುವುದಿಲ್ಲ, ಫ್ಯಾನುಗಳು ಭರ್ರನೆ ತಿರುಗುತ್ತಿರುತ್ತವೆ. ಮಳೆ ಹಿಡಿದ ದಿನ ಎಷ್ಟೋ ಸಲ ಗಾಳಿ ಇಳಿದು ಫ್ಯಾನು ನಿಧಾನವಾಗುತ್ತದೆ. ಎರಡನ್ನೂ ವರ್ಷವರ್ಷ ನೋಡಿದವರಿಗೆ ನಂಟು ಕಾಣದಿದ್ದರೆ ಅದೇ ಆಶ್ಚರ್ಯ.

ನಂಟು ನಿಜವಾಗಿಯೂ ಇದೆ, ಆದರೆ ಬೇರು ಪಶ್ಚಿಮ ಘಟ್ಟದಲ್ಲಿದೆ. ನೈಋತ್ಯ ಮಾರುತ ಅರಬ್ಬೀ ಸಮುದ್ರದಿಂದ ನೀರು ಹೊತ್ತು ಬಂದು ಘಟ್ಟಕ್ಕೆ ಬಡಿದು ಮೇಲೇರುತ್ತದೆ, ಏರಿದಂತೆ ತಣಿದು ಖಾನಾಪುರ ತಾಲೂಕಿನ ಕಣಕುಂಬಿಯಂಥ ಕಡೆ ಭೋರೆಂದು ಸುರಿಯುತ್ತದೆ. ಮಲಪ್ರಭೆ ಹುಟ್ಟುವುದು ಅಲ್ಲಿಯೇ. ಅಲ್ಲಿಂದ ಪೂರ್ವಕ್ಕೆ ಇಳಿಯುವ ಗಾಳಿ ಇಳಿದಂತೆ ಬೆಚ್ಚಗಾಗಿ ಒಣಗುತ್ತದೆ. ವೇಗ ಮಾತ್ರ ಹಾಗೆಯೇ ಉಳಿಯುತ್ತದೆ. ಆದ್ದರಿಂದಲೇ ವಿಜಯಪುರದಲ್ಲಿ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ, ಆದರೆ ಜೂನಿನಿಂದ ಸೆಪ್ಟೆಂಬರ್‌ವರೆಗೆ ಬಿರುಸಾದ ಗಾಳಿ. ಕಂಪನಿಗಳವರು ಗಾಳಿ ಅಳೆಯುವ ಕಂಬ ನೆಟ್ಟು ಹುಡುಕಿ ಬಂದದ್ದು ಇಂಥ ಜಾಗವನ್ನೇ: ಫ್ಯಾನು ಬಂದದ್ದರಿಂದ ಮಳೆ ಹೋಗಲಿಲ್ಲ, ಮಳೆಯಿಲ್ಲದೆ ಗಾಳಿ ಬೀಸುವ ಸೀಮೆಯಾದ್ದರಿಂದ ಫ್ಯಾನು ಬಂತು. ರೆಕ್ಕೆಯ ತುದಿ ಏರುವುದು ನೂರೈವತ್ತು ಇನ್ನೂರು ಮೀಟರ್ ಎತ್ತರಕ್ಕೆ, ಮಳೆಮೋಡ ಅದಕ್ಕಿಂತ ಬಹಳ ಮೇಲೆ. ಅಷ್ಟೇ ಏಕೆ, 1876–78ರ ಮಹಾಬರದಲ್ಲಿ ಅಂದಿನ ಕಲಾದಗಿ ಜಿಲ್ಲೆ, ಎಂದರೆ ಇಂದಿನ ವಿಜಯಪುರ ಬಾಗಲಕೋಟೆಗಳ ಸೀಮೆ, ತತ್ತರಿಸಿಹೋದಾಗ ಇಲ್ಲಿ ಯಾವ ಫ್ಯಾನೂ ಇರಲಿಲ್ಲ.

ಹಾಗೆಂದು ಫ್ಯಾನುಗಳು ಗಾಳಿಗೆ ಏನೂ ಮಾಡುವುದಿಲ್ಲ ಎನ್ನುವಂತಿಲ್ಲ. ಅಮೆರಿಕದ ಟೆಕ್ಸಸ್‌ನಲ್ಲಿ ಉಪಗ್ರಹದ ಅಳತೆಗಳನ್ನು ಪರಿಶೀಲಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನವು ಗಾಳಿಯಂತ್ರಗಳಿರುವ ನೆಲ, ಸುತ್ತಲಿನ ನೆಲಕ್ಕೆ ಹೋಲಿಸಿದರೆ, ಮುಖ್ಯವಾಗಿ ರಾತ್ರಿಯ ಹೊತ್ತಿನಲ್ಲಿ ಕೊಂಚ ಬೆಚ್ಚಗಾಗಿರುವುದನ್ನು ತೋರಿಸಿತು. ರೆಕ್ಕೆಗಳು ಮೇಲಿನ ಬೆಚ್ಚನೆಯ ಗಾಳಿಯನ್ನು ಕೆಳಗಿನ ತಂಪು ಗಾಳಿಯೊಡನೆ ಕಲಸುವುದೇ ಇದಕ್ಕೆ ಕಾರಣ. ಹಿಂಗಾರಿ ಜೋಳ ಬಿತ್ತಿದ ರೈತ ‘ಇಬ್ಬನಿ ಕಡಿಮೆ ಆಗ್ತದೇನ್ರಿ?’ ಎಂದು ಕೇಳಿದರೆ ಅದು ನಗಬೇಕಾದ ಪ್ರಶ್ನೆಯಲ್ಲ, ಅಳೆದು ನೋಡಬೇಕಾದ ಪ್ರಶ್ನೆ.

ಇನ್ನು ದುಡ್ಡಿನ ವಿಷಯ. ಇಲ್ಲಿ ಭೌತವಿಜ್ಞಾನವೇ ನೆರೆಹೊರೆಯಲ್ಲಿ ಭೇದ ಹುಟ್ಟಿಸುತ್ತದೆ ಎಂಬುದನ್ನು ಯಾರೂ ಸಾಕಷ್ಟು ಹೇಳಿಲ್ಲ. ಗಾಳಿಯಲ್ಲಿರುವ ಶಕ್ತಿ ಅದರ ವೇಗದ ಘನಕ್ಕೆ ಅನುಗುಣವಾಗಿರುತ್ತದೆ, ವೇಗ ಶೇ. 10ರಷ್ಟು ಹೆಚ್ಚಿದರೆ ಶಕ್ತಿ ಶೇ. 33ರಷ್ಟು ಹೆಚ್ಚುತ್ತದೆ. ಆದ್ದರಿಂದ ಎಂಜಿನಿಯರು ಜಾಗ ಹುಡುಕುವಾಗ ದಿಬ್ಬದ ನೆತ್ತಿಯೇ ಬೇಕು, ನೂರು ಮಾರು ಆಚೆಗಿನ ತಗ್ಗು ಬೇಡ. ಒಂದು ಫ್ಯಾನಿನ ಹಿಂದೆ ಗಾಳಿ ಕದಡಿ ಬಲ ಕಳೆದುಕೊಂಡಿರುವುದರಿಂದ ಇನ್ನೊಂದನ್ನು ಹತ್ತಿರ ನಿಲ್ಲಿಸುವಂತೆಯೂ ಇಲ್ಲ. ಕೇಂದ್ರ ಸರ್ಕಾರದ 2016ರ ಮಾರ್ಗಸೂಚಿಯ ಪ್ರಕಾರ ಗಾಳಿ ಬೀಸುವ ದಿಕ್ಕಿನಲ್ಲಿ ರೆಕ್ಕೆಚಕ್ರದ ವ್ಯಾಸದ ಐದು ಪಟ್ಟು, ಅಡ್ಡ ದಿಕ್ಕಿನಲ್ಲಿ ಮೂರು ಪಟ್ಟು ಅಂತರವಿರಬೇಕಿತ್ತು. 120 ಮೀಟರ್ ವ್ಯಾಸದ ಚಕ್ರಕ್ಕೆ ಇದು 600 ಮತ್ತು 360 ಮೀಟರ್. ಹೀಗಾಗಿ ಒಬ್ಬನ ಹೊಲಕ್ಕೆ ಫ್ಯಾನು ಬಂದರೆ ಪಕ್ಕದವನ ಹೊಲಕ್ಕೆ ಬರುವುದಿಲ್ಲವೆಂಬುದು ಆ ಕ್ಷಣವೇ ನಿಶ್ಚಯವಾಗುತ್ತದೆ. ಕಂಬ, ಕ್ರೇನು ನಿಲ್ಲುವ ಜಾಗ ಎಲ್ಲ ಸೇರಿ ಎರಡು ಮೂರು ಎಕರೆಗೆ ಖರೀದಿ ಹಣವೋ ಲೀಸಿನ ಬಾಡಿಗೆಯೋ ಸಿಗುತ್ತದೆ. ಕಂಬದ ಸುತ್ತ ಅರ್ಧ ಕಿಲೋಮೀಟರಿನ ವೃತ್ತ ಎಳೆದರೆ ಅದರೊಳಗೆ ಸುಮಾರು 194 ಎಕರೆ ಬರುತ್ತದೆ. ಬಾಡಿಗೆ ಒಂದು ಸರ್ವೇ ನಂಬರಿಗೆ, ಸಪ್ಪಳ ಸುತ್ತಲಿನ ನೂರಾರು ಎಕರೆಗೆ.

ಇದರ ಮೇಲೆ ದಲ್ಲಾಳಿಯೂ ಬರುತ್ತಾನೆ. ಯಾರಿಗೆ ಎಕರೆಗೆ ಎಷ್ಟು ಕೊಟ್ಟರೆಂಬುದು ಚಹಾದಂಗಡಿಯಲ್ಲಿ ಪಿಸುಮಾತಿನ ವಿಷಯವಾಗುತ್ತದೆ. ರೆಕ್ಕೆ ಹೊತ್ತ ಉದ್ದದ ಟ್ರಕ್ಕು ತಿರುಗಲೆಂದು ಎರೆಹೊಲದಲ್ಲಿ ಗರಸು ಹಾಕಿ ರಸ್ತೆ ಎತ್ತರಿಸುತ್ತಾರೆ. ಮಳೆ ಬಂದಾಗ ಆ ರಸ್ತೆಯೇ ಒಡ್ಡಾಗಿ ಮೇಲಿನ ಹೊಲದಲ್ಲಿ ನೀರು ನಿಂತು ತೊಗರಿ ಕೊಳೆಯುತ್ತದೆ. ಗುಡ್ಡದ ಮೇಲೆ ಕುರಿ ಮೇಯಿಸುತ್ತಿದ್ದವರ ಹೆಸರು ಯಾವ ಉತಾರದಲ್ಲಿಯೂ, ಎಂದರೆ ಜಮೀನಿನ ಪಹಣಿಯಲ್ಲಿಯೂ, ಇರುವುದಿಲ್ಲವಾದ್ದರಿಂದ ಅವರನ್ನು ಕೇಳುವ ಪ್ರಮೇಯವೇ ಬರುವುದಿಲ್ಲ. ಎರಡು ಮೆಗಾವಾಟಿನ ಒಂದು ಫ್ಯಾನು, ವರ್ಷದ ಸರಾಸರಿಯಲ್ಲಿ ತನ್ನ ಸಾಮರ್ಥ್ಯದ ಶೇ. 30ರಷ್ಟು ಉತ್ಪಾದಿಸಿದರೂ 52 ಲಕ್ಷ ಯೂನಿಟ್ ಕೊಡುತ್ತದೆ. ಅದು ಗ್ರಿಡ್‌ಗೆ ಹೋಗುತ್ತದೆ. ಫ್ಯಾನಿನ ನೆರಳು ಬೀಳುವ ಹೊಲದ ಪಂಪ್‌ಸೆಟ್ಟಿಗೆ ದಿನಕ್ಕೆ ಏಳು ತಾಸು ತ್ರೀಫೇಸ್ ಎಂಬ ಲೆಕ್ಕ ಹಾಗೆಯೇ ಉಳಿಯುತ್ತದೆ.

ಎಲ್ಲರಿಗೂ ಕರೆಂಟು ಬೇಕು, ಫ್ಯಾನು ಮಾತ್ರ ತಮ್ಮ ಹಿತ್ತಲಿಗೆ ಬೇಡ ಎನ್ನುವ ಸ್ವಾರ್ಥಿಗಳೆಂದು ವಿರೋಧಿಸುವವರನ್ನು ಪಾಶ್ಚಾತ್ಯ ದೇಶಗಳಲ್ಲಿ ಹಿಂದೆ ಜರೆಯುತ್ತಿದ್ದರು. ಡಚ್ ಸಂಶೋಧಕ ಮಾರ್ಟನ್ ವೊಲ್ಸಿಂಕ್ ಇದನ್ನು ದಶಕಗಳಿಂದ ಪ್ರಶ್ನಿಸುತ್ತ ಬಂದಿದ್ದಾರೆ. ಅವರು ಗುರುತಿಸಿದ ಪ್ರಕಾರ ಜನರ ಒಲವು ಯೋಜನೆಯ ಮಾತೇ ಇಲ್ಲದಾಗ ಹೆಚ್ಚಿರುತ್ತದೆ, ತಮ್ಮೂರಿನ ಹೆಸರು ಬಂದ ಕೂಡಲೇ ಕುಸಿಯುತ್ತದೆ, ಫ್ಯಾನು ನಿಂತು ಕೆಲವು ವರ್ಷ ಕಳೆದ ಮೇಲೆ ಮತ್ತೆ ಏರುತ್ತದೆ. ಅಮೆರಿಕದ ಲಾರೆನ್ಸ್ ಬರ್ಕ್ಲಿ ರಾಷ್ಟ್ರೀಯ ಪ್ರಯೋಗಾಲಯ ಐದು ಮೈಲಿಯೊಳಗಿನ 1,705 ನಿವಾಸಿಗಳನ್ನು ಕೇಳಿದಾಗ ಶೇ. 8ರಷ್ಟು ಜನ ಮಾತ್ರ ಯಂತ್ರಗಳ ಬಗ್ಗೆ ಕೆಟ್ಟ ಅಭಿಪ್ರಾಯ ಹೇಳಿದರು. ಹಾಗೆ ಹೇಳಿದವರಲ್ಲಿ ಯೋಜನೆ ನ್ಯಾಯವಾಗಿ ನಡೆಯಲಿಲ್ಲವೆಂಬ ಭಾವನೆ ಎದ್ದು ಕಾಣುತ್ತಿತ್ತು. ಡೆನ್ಮಾರ್ಕಿನವರು ಇದನ್ನು ಬೇಗ ಅರ್ಥಮಾಡಿಕೊಂಡರು. 2009ರಿಂದ ಜಾರಿಗೆ ಬಂದ ಕಾನೂನಿನಲ್ಲಿ, ಹೊಸ ಯಂತ್ರದ ಮಾಲೀಕತ್ವದ ಕನಿಷ್ಠ ಶೇ. 20ರಷ್ಟು ಪಾಲನ್ನು 4.5 ಕಿಲೋಮೀಟರಿನೊಳಗಿನ ನಿವಾಸಿಗಳಿಗೆ ಮೊದಲು ಮಾರಾಟಕ್ಕಿಡಬೇಕೆಂದು ವಿಧಿಸಿದರು. ವೃತ್ತದೊಳಗಿನ ಸಪ್ಪಳಕ್ಕೆ ವೃತ್ತದೊಳಗೇ ಪಾಲು. ಸಕ್ಕರೆ ಕಾರ್ಖಾನೆಗಳ ಷೇರುದಾರರಾಗಿ ಪಳಗಿದ ಬೆಳಗಾವಿ, ಬಾಗಲಕೋಟೆಯ ಕಬ್ಬು ಬೆಳೆಗಾರರಿಗೆ ಇಂಥ ಏರ್ಪಾಟು ಹೊಸದೆನಿಸಲಾರದು.

ನಮ್ಮಲ್ಲಿ ಕೇಳುವ ಏರ್ಪಾಟೇ ತೆಳುವಾಗಿದೆ. ಪರಿಸರ ಪರಿಣಾಮ ಅಂದಾಜಿನ 2006ರ ಅಧಿಸೂಚನೆಯ ಪಟ್ಟಿಯಲ್ಲಿ ಉಷ್ಣ ಸ್ಥಾವರಗಳಿವೆ, ಜಲವಿದ್ಯುತ್ ಇದೆ, ಗಾಳಿ ವಿದ್ಯುತ್ ಇಲ್ಲ. ಹಾಗಾಗಿ ಆ ಅಧಿಸೂಚನೆಯಡಿ ಮೈಕು ಹಿಡಿದು ಊರವರ ಅಹವಾಲು ಆಲಿಸುವ ಸಾರ್ವಜನಿಕ ಸಭೆ ಇದಕ್ಕೆ ಕಡ್ಡಾಯವಲ್ಲ. ಹೊಗೆಯಿಲ್ಲದ, ನೀರು ಕುಡಿಯದ ವಿದ್ಯುತ್ತಿಗೆ ಅಡ್ಡಿ ಕಡಿಮೆಯಿರಲೆಂಬುದು ಒಳ್ಳೆಯ ಉದ್ದೇಶವೇ. ಆದರೆ ಸಭೆಯಲ್ಲಿ ಆಡಬೇಕಾದ ಮಾತು ಆಮೇಲೆ ತಂತಿ ಎಳೆಯಲು ಬಂದವರ ಜೀಪಿನ ಮುಂದೆ ಆಡುವಂತಾಗುತ್ತದೆ.

2016ರ ಅದೇ ಮಾರ್ಗಸೂಚಿಯಲ್ಲಿ ಇನ್ನೊಂದು ಸಾಲಿತ್ತು: ಸದ್ದಿನ ಕಾರಣಕ್ಕೆ, ವಾಸದ ಮನೆಯಿಂದ 500 ಮೀಟರಿನೊಳಗೆ ಯಂತ್ರ ನಿಲ್ಲಿಸಬಾರದು. ಅಷ್ಟು ದೂರಕ್ಕೆ ಒಂದು ಫ್ಯಾನಿನ ಸದ್ದು ಸುಮಾರು 40 ಡೆಸಿಬೆಲ್‌ಗೆ ಇಳಿದಿರುತ್ತದೆ; ವಸತಿ ಪ್ರದೇಶಕ್ಕೆ ರಾತ್ರಿಯ ಮಿತಿ 45. ದೂರ ಅರ್ಧವಾದರೆ ಸದ್ದು ಆರು ಡೆಸಿಬೆಲ್ ಏರುತ್ತದೆ, ಎಂದರೆ ಮುನ್ನೂರು ಹೆಜ್ಜೆಯಲ್ಲಿ ಮಿತಿ ದಾಟಿರುತ್ತದೆ. ತೊಗರಿ ಹೊಲದವರು ಪತ್ರಾಸಿನ ಮನೆಯ ಗೂಟಕ್ಕೆ ಸಿಕ್ಕಿಸಿದ್ದ ಪ್ಲಾಸ್ಟಿಕ್ ಚೀಲದಿಂದ ಉತಾರ ತೆಗೆದು ನನಗೆ ತೋರಿಸಿದರು. ಅದರಲ್ಲಿ ಅದು ಜಿರಾಯತ, ಎಂದರೆ ಬೇಸಾಯದ ಜಮೀನು, ಮನೆಯ ಮಾತೇ ಇಲ್ಲ. ಎಂಟು ವರ್ಷಗಳಿಂದ ಹೆಂಡತಿ ಮಕ್ಕಳು, ಎರಡು ಎಮ್ಮೆಗಳೊಂದಿಗೆ ಅವರು ಮಲಗುತ್ತಿರುವುದು ಅಲ್ಲಿ. ಕಾಗದದಲ್ಲಿ ಅವರ ಮನೆಯಿರುವುದು ಊರೊಳಗಿನ ಗಾವಠಾಣದಲ್ಲಿ. ಅಲ್ಲಿಂದ ಫ್ಯಾನಿಗೆ ಒಂದೂವರೆ ಕಿಲೋಮೀಟರ್.