ಮೀನು ತಿನ್ನವಲ್ದು ಅಂದವರಿಗೆ

ಹೋದ ಏಪ್ರಿಲ್‌ನಲ್ಲಿ ಒಬ್ಬ ಹುಡುಗ ಅಂಗಡಿಗೆ ಬಂದ. ಕೈಯಲ್ಲಿ ನೀರು ತುಂಬಿದ ಚೀಲ, ಅದರಲ್ಲಿ ಸ್ಕಾರ್ಲೆಟ್ ಬ್ಯಾಡಿಸ್ ಅನ್ನುವ ಎರಡು ಪುಟ್ಟ ಬಣ್ಣದ ಮೀನು. "ಅಣ್ಣಾ, ಎಂಟು ದಿನ ಆತು. ಮೂರು ನಮೂನಿ ಫುಡ್ ತಂದು ಹಾಕೀನಿ. ಬಾಯಾಗ ತಗೊಂಡು ಉಗುಳ್ತಾವ. ತಿನ್ನವಲ್ವು."

ಚೀಲವನ್ನು ಬೆಳಕಿಗೆ ಹಿಡಿದು ನೋಡಿದೆ. ಎರಡರ ಹೊಟ್ಟೆಯೂ ಒಳಕ್ಕೆ ಹೋಗಿತ್ತು. ಮೇಲಿಂದ ನೋಡಿದರೆ ತಲೆ ದಪ್ಪ, ಹಿಂದೆ ಬರೀ ಕಡ್ಡಿ. ಸಣ್ಣ ಮೀನು ಈ ರೂಪಕ್ಕೆ ಬಂತು ಅಂದರೆ ಉಳಿದಿರುವುದು ಎರಡು ಮೂರು ದಿನ ಮಾತ್ರ.

ಬಳ್ಳಾರಿಯಲ್ಲಿ ಹದಿನೆಂಟು ವರ್ಷದಿಂದ ಬಣ್ಣದ ಮೀನು ಮಾರುತ್ತಿದ್ದೇನೆ. "ಹಸಿದರೆ ತಾನೇ ತಿಂತದೆ ಬಿಡ್ರಿ" ಅಂತ ಮೊದಮೊದಲು ನಾನೂ ಹೇಳುತ್ತಿದ್ದೆ. ಗಪ್ಪಿಗೆ, ಗೋಲ್ಡ್ ಫಿಶ್‌ಗೆ ಆ ಮಾತು ಸರಿ. ಬ್ಯಾಡಿಸ್, ಪೀ ಪಫರ್ ಅಂಥ ಮೀನಿಗೆ ಅಲ್ಲ. ಇವು ಡಬ್ಬಿಯ ಒಣ ಆಹಾರದ ಕಾಳಿನ ಪಕ್ಕದಲ್ಲೇ ನಿಂತು ಹಸಿವಿನಿಂದ ಸಾಯುತ್ತವೆ. ಇದು ಸೊಕ್ಕಲ್ಲ. ಎರಡು ಸೆಂಟಿಮೀಟರ್ ಉದ್ದದ ಈ ಮೀನು ಹುಟ್ಟಿನಿಂದ ಬೇಟೆಗಾರ. ಎಲೆಯ ಮರೆಯಲ್ಲಿ ನಿಂತು, ಎದುರಿಗೆ ಏನೋ ಚೂರು ಅಲುಗಾಡಿದ್ದನ್ನು ಕಂಡು, ನಿಧಾನಕ್ಕೆ ತಿರುಗಿ, ಒಂದೇ ಸಲಕ್ಕೆ ಎಳೆದುಕೊಳ್ಳುತ್ತದೆ. ಅಲುಗಾಡದಿದ್ದರೆ ಅದರ ಪಾಲಿಗೆ ಅದು ಕಸ.

ಸ್ಕಾರ್ಲೆಟ್ ಬ್ಯಾಡಿಸ್ ಅಸ್ಸಾಂ, ಬಂಗಾಳದ ಕಡೆಯ ಬ್ರಹ್ಮಪುತ್ರ ಸೀಮೆಯದು. ಆದರೆ ಅದರ ದಾಯಾದಿ ಒಂದು ನಮ್ಮಲ್ಲೇ ಇದೆ. ತುಂಗಾ ನದಿಗೆ ಸೇರುವ ಒಂದು ಹಳ್ಳದಲ್ಲಿ ಸಿಕ್ಕ ಆ ಮೀನಿಗೆ 2015ರಲ್ಲಿ ವಿಜ್ಞಾನಿಗಳು ಡೇರಿಯೋ ಹುಲಿ ಅಂತ ಹೆಸರಿಟ್ಟರು. ಮೈಮೇಲೆ ಪಟ್ಟೆ ಇದೆಯಲ್ಲ, ಅದಕ್ಕೆ ನಮ್ಮ ಕನ್ನಡದ ಹುಲಿಯೇ! ಬಳ್ಳಾರಿಯ ನಲ್ಲಿಗೆ ಬರುವ ನೀರೂ ಆ ಹೊಳೆಯದೇ ಅನ್ನುವುದು ನನಗೆ ಸುಮ್ನೆ ಒಂದು ಖುಷಿ. ಅದನ್ನು ಹಿಡಿದು ತಂದು ಮಾರಿ ಅಂತ ಮಾತ್ರ ಯಾರೂ ಕೇಳಬೇಡಿ.

ಸರಿ, ಜೀವಂತ ಆಹಾರ ಕೊಡಬೇಕು. ಯಾವುದು? ವಿಡಿಯೋಗಳಲ್ಲಿ ಹೇಳುವುದೆಲ್ಲ ತಣ್ಣನೆ ದೇಶದ ಲೆಕ್ಕ. ಇಪ್ಪತ್ತು ಡಿಗ್ರಿಯ ಕೋಣೆಯಲ್ಲಿ ಬೆಳೆಯುವುದನ್ನು ನಮ್ಮ ಮೇ ತಿಂಗಳಲ್ಲಿ ಬೆಳೆಸಲು ಹೋದರೆ ನಾಲ್ಕೇ ದಿನಕ್ಕೆ ನಾರುತ್ತದೆ. ನಮ್ಮೂರಲ್ಲಿ ಏನು ತಡೆಯುತ್ತದೆ ಅಂತ ಮೊದಲು ನೋಡಬೇಕು.

ಎಲ್ಲರೂ ಕೇಳುವುದು ಆರ್ಟೀಮಿಯಾ. ಉಪ್ಪುನೀರಿನ ಸಣ್ಣ ಸೀಗಡಿ ಜಾತಿ. ಅದರ ಒಣ ಮೊಟ್ಟೆ ಡಬ್ಬಿಯಲ್ಲಿ ಬರುತ್ತದೆ, ಕಂದು ಬಣ್ಣದ ಪುಡಿಯ ಹಾಗೆ. ಅಮೆರಿಕದ ಯೂಟಾದ ಉಪ್ಪಿನ ಸರೋವರದಲ್ಲಿ ಬಾಚಿದ ಮೊಟ್ಟೆ ಬಳ್ಳಾರಿಯ ಬಾಟಲಿಯಲ್ಲಿ ಒಡೆಯುವುದನ್ನು ನೋಡಿದರೆ ನನಗೆ ಈಗಲೂ ಬೆರಗು. ಒಂದು ಲೀಟರ್ ನೀರಿಗೆ 25 ಗ್ರಾಂ ಉಪ್ಪು, ಅಂದರೆ ಸುಮಾರು ನಾಲ್ಕು ಟೀ ಚಮಚ. ಒಂದು ಚಿಟಿಕೆ ಅಡುಗೆ ಸೋಡಾ. ಅರ್ಧ ಚಮಚ ಮೊಟ್ಟೆ. ತಳದಿಂದ ಜೋರಾಗಿ ಗಾಳಿ, ಮೇಲೊಂದು ಬಲ್ಬ್. 26ರಿಂದ 28 ಡಿಗ್ರಿ ಇದ್ದರೆ 24 ಗಂಟೆಯಲ್ಲಿ ನೀರು ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ.

ಶುರುವಿನ ಒಂದು ಬೇಸಿಗೆಯಲ್ಲಿ ನನಗೆ ಮೂರು ಸಲ ಏನೂ ಒಡೆಯಲಿಲ್ಲ. ಮೊಟ್ಟೆ ಹಾಳು ಅಂತ ಕೊಟ್ಟವನಿಗೆ ಫೋನಿನಲ್ಲಿ ಬೈದೆ. ಪಾಪ, ಅವನ ತಪ್ಪೇನಿರಲಿಲ್ಲ. ಶೆಡ್ಡಿನ ತಗಡಿನ ಕೆಳಗೆ ಬಾಟಲಿಯ ನೀರು 37 ಡಿಗ್ರಿ ಇತ್ತು. 33 ದಾಟಿದರೆ ಈ ಮೊಟ್ಟೆ ಕೆಲಸ ನಿಲ್ಲಿಸುತ್ತದೆ ಅಂತ ಆಮೇಲೆ ಗೊತ್ತಾಯ್ತು. ಈಗ ಬಾಟಲಿಗೆ ಒದ್ದೆ ಗೋಣಿಚೀಲ ಸುತ್ತಿ, ಒಂದು ಇಂಚು ನೀರಿರುವ ತಟ್ಟೆಯಲ್ಲಿ ನಿಲ್ಲಿಸುತ್ತೇನೆ. ನಮ್ಮದು ಒಣ ಬಿಸಿಲು, ಅದೊಂದು ಪುಣ್ಯ. ಕುಡಿಯುವ ನೀರಿನ ಮಡಿಕೆ ತಣ್ಣಗಾಗುವ ಹಾಗೆ ಬಾಟಲಿಯೂ 29ಕ್ಕೆ ಇಳಿಯುತ್ತದೆ.

ಮರಿ ತೆಗೆಯುವಾಗ ಗಾಳಿ ನಿಲ್ಲಿಸಿ ಹತ್ತು ನಿಮಿಷ ಬಿಡಿ. ಖಾಲಿ ಸಿಪ್ಪೆ ಮೇಲೆ ತೇಲುತ್ತದೆ. ಬಾಟಲಿಯ ಬುಡಕ್ಕೆ ಮೊಬೈಲ್ ಟಾರ್ಚ್ ಹಿಡಿದರೆ ಮರಿಗಳೆಲ್ಲ ಬೆಳಕಿಗೆ ಬಂದು ಕೆಳಗೆ ಕಿತ್ತಳೆ ಮೋಡದ ಹಾಗೆ ಕೂಡುತ್ತವೆ. ಸಣ್ಣ ಪೈಪಿನಲ್ಲಿ ಎಳೆದು ಹಳೆಯ ಕರ್ಚೀಫಿನಲ್ಲಿ ಸೋಸಿ. ಟೀ ಜರಡಿ ಬೇಡ, ಅರ್ಧ ಮಿಲಿಮೀಟರಿನ ಮರಿ ಪಾರಾಗುತ್ತದೆ. ಸಿಹಿನೀರಲ್ಲಿ ಒಮ್ಮೆ ತೊಳೆದು ಅವತ್ತೇ ಹಾಕಿ. ಮೈಯಲ್ಲಿರುವ ಹಳದಿ ಸಾರವೇ ಅದರ ಶಕ್ತಿ. ದಿನ ಕಳೆದಷ್ಟೂ ಅದು ಕರಗುತ್ತದೆ.

ಆದರೆ ನನ್ನ ಓಟು ಮೊಯಿನಾಕ್ಕೆ. ನೀರು ಚಿಗಟ ಅಂತಾರಲ್ಲ, ಅದರಲ್ಲೇ ಸಣ್ಣದು, ಬೆಳೆದರೂ ಒಂದು ಮಿಲಿಮೀಟರ್ ಆಸುಪಾಸು. ದೊಡ್ಡಣ್ಣ ಡ್ಯಾಫ್ನಿಯಾ ನಮ್ಮ ಸೆಕೆಗೆ ಸೋಲುತ್ತದೆ, ಇದು ಸೋಲುವುದಿಲ್ಲ. ಇನ್ನೊಂದು ಲಾಭ, ಇದು ಸಿಹಿನೀರಿನ ಪ್ರಾಣಿ. ಆರ್ಟೀಮಿಯಾ ಟ್ಯಾಂಕಿನಲ್ಲಿ ಕೆಲವು ಗಂಟೆಗೇ ಸತ್ತು ನೀರು ಕೆಡಿಸುತ್ತದೆ. ಮೊಯಿನಾ ಮೀನು ತಿನ್ನುವ ತನಕ ಜಿಗಿಯುತ್ತಲೇ ಇರುತ್ತದೆ.

ಮಹಡಿಯ ನೆರಳಲ್ಲಿ ಮೂರು ಟಬ್ ಇಡಿ. ಒಂದೇ ಟಬ್ ನಂಬಬೇಡಿ, ಯಾವತ್ತಾದರೂ ಒಂದು ಕೈ ಕೊಡುತ್ತದೆ. ಹಳೆಯ ಟ್ಯಾಂಕಿನ ನೀರು ತುಂಬಿ. ಆಹಾರಕ್ಕೆ ಪಾಚಿ ಕಟ್ಟಿದ ಹಸಿರು ನೀರು, ನಮ್ಮ ಬಿಸಿಲಿಗೆ ಅದು ಬಿಟ್ಟಿ. ಇಲ್ಲದಿದ್ದರೆ ಬೇಕರಿಯವರ ಈಸ್ಟ್ ಒಂದು ಚಿಟಿಕೆ ಕಲಕಿ ಹಾಕಿ. ನೀರು ತುಸು ಮಬ್ಬಾದರೆ ಸಾಕು. ಮಬ್ಬು ತಿಳಿಯಾದ ಮೇಲೆ ಮತ್ತೆ. ಜಾಸ್ತಿ ಹಾಕಿದರೆ ರಾತ್ರಿ ಕಳೆಯುವುದರೊಳಗೆ ಎಲ್ಲ ತಳ ಸೇರುತ್ತವೆ. ಗಂಡಿನ ಹಂಗಿಲ್ಲದೆ ಹೆಣ್ಣೇ ಹೆಣ್ಣನ್ನು ಹೆರುತ್ತಾ ಹೋಗುವುದರಿಂದ ಒಂದು ವಾರಕ್ಕೆ ಟಬ್ ತುಂಬುತ್ತದೆ. ಕಷ್ಟ ಬಂದಾಗ ಮಾತ್ರ ಗಂಡು ಹುಟ್ಟಿ, ಗಟ್ಟಿ ಸಿಪ್ಪೆಯ ಮೊಟ್ಟೆ ತಳಕ್ಕೆ ಬೀಳುತ್ತದೆ. ಒಮ್ಮೆ ಮೇ ತಿಂಗಳಲ್ಲಿ ಟಬ್ ಪೂರ್ತಿ ಒಣಗಿಹೋಗಿತ್ತು. ತೊಳೆಯಲು ಬೇಜಾರಾಗಿ ಹಾಗೇ ಬಿಟ್ಟಿದ್ದೆ. ಜೂನ್ ಮಳೆ ನೀರು ತುಂಬಿ ಒಂದು ವಾರ ಆಗಿತ್ತೋ ಇಲ್ಲವೋ, ನೋಡಿದರೆ ಮತ್ತೆ ಚಿಗಟ!

ಟಬ್ಬಿಗೆ ಮೊದಲು ಬಿಡುವ ಚಿಗಟಕ್ಕೆ, ಅಂದರೆ ಬೀಜಕ್ಕೆ, ಸಿರುಗುಪ್ಪ ಕಡೆಯ ಭತ್ತದ ಗದ್ದೆಯಲ್ಲಿ ಹುಡುಕಬಹುದು. ಔಷಧ ಹೊಡೆದ ಗದ್ದೆಯಲ್ಲಿ ಮೊದಲು ಸಾಯುವುದೇ ಈ ಚಿಗಟ. ಹಾಗಾಗಿ ಕಾಣದಿದ್ದರೆ ಮುಂದಿನ ಗದ್ದೆಗೆ ನಡೆಯಿರಿ. ಆದರೆ ನಾನು ಮಾಡಿದ ಹಾಗೆ ಗದ್ದೆಯ ನೀರನ್ನೇ ಮೊಗೆದು ಟ್ಯಾಂಕಿಗೆ ಸುರಿಯಬೇಡಿ. ಅದರ ಜೊತೆ ಏರೋಪ್ಲೇನ್ ಚಿಟ್ಟೆಯ ಮರಿ ಒಂದು ಬಂದಿತ್ತು. ನೀರಲ್ಲಿ ಅದು ಚಿಟ್ಟೆಯ ಹಾಗಿರುವುದಿಲ್ಲ, ಕೆಸರಿನ ಬಣ್ಣದ ಹುಳ. ಹನ್ನೊಂದು ಬ್ಯಾಡಿಸ್ ಇದ್ದವು, ಅದು ಕಣ್ಣಿಗೆ ಬೀಳುವ ಹೊತ್ತಿಗೆ ನಾಲ್ಕು ಉಳಿದಿದ್ದವು. ಇಪ್ಪತ್ತು ಮೂವತ್ತು ಚಿಗಟವನ್ನು ಡ್ರಾಪರ್‌ನಲ್ಲಿ ಒಂದೊಂದಾಗಿ ಹೆಕ್ಕಿ ಬೇರೆ ಬೆಳೆಸಿ. ಅವುಗಳ ಮಕ್ಕಳನ್ನು ಮೀನಿಗೆ ಕೊಡಿ.

ಟಬ್ಬಿಗೆ ಸೊಳ್ಳೆ ಪರದೆ ಕಟ್ಟುವುದು ಮಾತ್ರ ಕಡ್ಡಾಯ. ಸೊಳ್ಳೆ ಮರಿ ಮೀನಿಗೆ ಪರಮಾನ್ನ, ನಿಜ. ಆದರೆ ನಮ್ಮ ಸೆಕೆಗೆ ಏಳೆಂಟು ದಿನದಲ್ಲಿ ಅದಕ್ಕೆ ರೆಕ್ಕೆ ಬರುತ್ತದೆ. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ಅಂತ ಘೋಷಿಸಿ, ಮನೆಯಲ್ಲಿ ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡವನ್ನೂ ಇಟ್ಟಿದೆ. ದಂಡ ಬಿಡಿ, ಪಕ್ಕದ ಮನೆಯ ಕೂಸಿಗೆ ಜ್ವರ ಬಂದರೆ? ನಾನಂತೂ ಬೆಳೆಸುವುದಿಲ್ಲ. ಚರಂಡಿಯ ಟ್ಯೂಬಿಫೆಕ್ಸ್ ಹುಳವನ್ನೂ ಮಾರುವುದಿಲ್ಲ, ಎಷ್ಟು ತೊಳೆದರೂ ಹೊಲಸು ಹೋಗದು. ಮೀನಿನ ಮರಿ ಮಾಡಿಸುವವರು ವಿನೆಗರ್ ಹುಳ, ಅಂದರೆ ಮರಿಯ ಬಾಯಿಗೆ ಹಿಡಿಯುವ ನೂಲಿನಂಥ ಸಣ್ಣ ಹುಳ, ಇಟ್ಟುಕೊಳ್ಳಿ. ಅರ್ಧ ವಿನೆಗರ್, ಅರ್ಧ ನೀರು, ಒಂದು ಹೋಳು ಸೇಬು. ತಿಂಗಳುಗಟ್ಟಲೆ ತಿರುಗಿ ನೋಡದಿದ್ದರೂ ಬದುಕಿರುತ್ತವೆ. ಪೀ ಪಫರ್ ಸಾಕಿದವರಿಗೆ ಗಿಡದ ಜೊತೆ ಪುಕ್ಕಟೆ ಬರುವ ಸಣ್ಣ ಬಸವನಹುಳುವೇ ಸಾಕು.

ಊಟ ಹಾಕುವಾಗ ಡ್ರಾಪರ್ ಹಿಡಿದು ಮೀನಿನ ಮೂತಿಯ ಮುಂದೆಯೇ ಬಿಡಿ. ಚುರುಕಿನ ಟೆಟ್ರಾ ಮೀನು ಜೊತೆಗಿದ್ದರೆ ಬ್ಯಾಡಿಸ್ ತಿರುಗಿ ನೋಡುವುದರೊಳಗೆ ತಟ್ಟೆ ಖಾಲಿ. ಸೊರಗಿದ ಮೀನಿಗೆ ದಿನಕ್ಕೆ ಮೂರು ಸಲ, ಸ್ವಲ್ಪಸ್ವಲ್ಪ. ಅದರ ಹೊಟ್ಟೆ ಕಣ್ಣಿನಷ್ಟೇ ಗಾತ್ರ ಅಂತ ನೆನಪಿಡಿ. ಮೈ ತುಂಬಿದ ಮೇಲೆ, ಫ್ರೀಜರಿನ ಆರ್ಟೀಮಿಯಾ ಕರಗಿಸಿ ಜೀವಂತದ್ದರ ಜೊತೆ ಬೆರೆಸಿ ನೋಡಿ. ಫಿಲ್ಟರಿನ ನೀರು ಬೀಳುವ ಕಡೆ ಹಾಕಿದರೆ ಸತ್ತದ್ದೂ ಅಲುಗಾಡುತ್ತದೆ, ಕೆಲವು ಮೋಸ ಹೋಗುತ್ತವೆ. ಎಲ್ಲವೂ ಹೋಗುವುದಿಲ್ಲ.

ಆ ಹುಡುಗನ ಎರಡು ಮೀನಿನಲ್ಲಿ ಒಂದು ಮಾರನೇ ದಿನ ಸತ್ತಿತು. ಇನ್ನೊಂದು ಮೂರನೇ ದಿನ ಸಂಜೆ ಒಂದು ಮೊಯಿನಾ ಹಿಡಿಯಿತು ಅಂತ ರಾತ್ರಿ ಹತ್ತಕ್ಕೆ ಫೋನ್ ಬಂತು. ಈಗ ಅವರ ಮಹಡಿ ಮೇಲೆ ನಾಲ್ಕು ಟಬ್ ಇವೆಯಂತೆ. ಬಟ್ಟೆ ಒಣಗಿಸಲು ಜಾಗ ಇಲ್ಲ ಅಂತ ಅವರಮ್ಮ ಅಂಗಡಿಗೇ ಬಂದು ನನ್ನ ಜೊತೆ ಜಗಳ ಆಡಿ ಹೋದರು.