ಮಳೆ ಬಂದರೂ ಗುಳೆ ನಿಲ್ಲಲಿಲ್ಲ, ಯಾಕೆ?

"ಈ ಸಲ ಮಳೆ ಚೆನ್ನಾಗಿದೆಯಲ್ಲ, ಮತ್ಯಾಕೆ ಊರು ಬಿಡ್ತಾರೆ?" ರಾಯಚೂರು, ಯಾದಗಿರಿ, ಕಲಬುರಗಿ ಕಡೆಯ ಗುಳೆಯ ಮಾತು ಬಂದಾಗಲೆಲ್ಲ ಬೆಂಗಳೂರಿನಲ್ಲಿ ಈ ಪ್ರಶ್ನೆ ಕೇಳಿಸುತ್ತದೆ.

ಮೊದಲು ಗುಳೆ ಅಂದರೆ ಬರ. 1876–78ರ ಬರದಿಂದ 1972ರ ಬರದವರೆಗೂ ಮಳೆ ಕೈಕೊಟ್ಟರೆ ದನ ಮಾರಿ ಹೊರಡುತ್ತಿದ್ದರು, ಮಳೆಯಾದರೆ ವಾಪಸ್. ನಡುವೆ ನಿಜಾಮರ ಆಳ್ವಿಕೆ ಮುಗಿಯಿತು, 1956ರಲ್ಲಿ ರಾಜ್ಯ ಒಂದಾಯಿತು, ತುಂಗಭದ್ರಾ ಕಾಲುವೆ ಬಂತು, 1972ರ ಆಚೆಗೆ ಕೃಷ್ಣಾ ಕಾಲುವೆಗಳೂ ಬಂದವು. ನೀರು ಮುಟ್ಟಿದ ಹೊಲದಲ್ಲಿ ಭತ್ತ. ಮುಟ್ಟದ ಕಡೆ ಅದೇ ತೊಗರಿ, ಜೋಳ.

ಗುಳೆಗೂ ಸಾಲಕ್ಕೂ ಗಂಟು ಬಿದ್ದಿದ್ದು 1990ರ ಆಚೆಗೆ. ಬೆಂಗಳೂರಿಗೆ ಅಪಾರ್ಟ್‌ಮೆಂಟ್, ಟೆಕ್ ಪಾರ್ಕ್, ಮೇಲ್ಸೇತುವೆ ಕಟ್ಟಲು ಆಳು ಬೇಕಾದರು. ಮೇಸ್ತ್ರಿ ಊರಿಗೇ ಬಂದು ಗಂಡ ಹೆಂಡತಿ ಇಬ್ಬರಿಗೂ ಸೇರಿಸಿ ಮುಂಗಡ ಕೊಡತೊಡಗಿದ. ಆ ದುಡ್ಡು ಮಗಳ ಮದುವೆಗೋ, ಆಸ್ಪತ್ರೆಗೋ, ನೀರು ಬಾರದ ಬೋರ್‌ವೆಲ್ ಸಾಲಕ್ಕೋ ಅವತ್ತೇ ಹೋಗಿಬಿಡುತ್ತದೆ, ಆಮೇಲೆ ತಿಂಗಳುಗಟ್ಟಲೆ ದುಡಿದು ತೀರಿಸಬೇಕು, ತೀರುವಷ್ಟರಲ್ಲಿ ಮುಂಗಾರು, ಬೀಜ ಗೊಬ್ಬರಕ್ಕೆ ಮತ್ತೆ ಸಾಲ. ಬೆಳೆ ಬಂದ ವರ್ಷವೂ ಹೊರಡಲೇಬೇಕು, ಅಲ್ವಾ? ನಗರದಲ್ಲಿ ಕೂಲಿ ಜಾಸ್ತಿ, ನಿಜ. ಆದರೆ ನೀಲಿ ತಾಡಪಾಲಿನ ಶೆಡ್ ಹಾಕಿಕೊಂಡ ಖಾಲಿ ಸೈಟಿಗೂ ಬಾಡಿಗೆ ಕಟ್ಟಬೇಕು, ಕೊಡ ನೀರಿಗೂ ದುಡ್ಡು ಕೊಡಬೇಕು.

ಯಾರೂ ಏನೂ ಮಾಡಲಿಲ್ಲ ಅಂತಲ್ಲ. 2002ರಲ್ಲಿ, ಪ್ರಾದೇಶಿಕ ಅಸಮತೋಲನ ಅಳೆಯಲು ಸರ್ಕಾರ ನೇಮಿಸಿದ್ದ ನಂಜುಂಡಪ್ಪ ಸಮಿತಿ 114 ಹಿಂದುಳಿದ ತಾಲ್ಲೂಕುಗಳನ್ನು ಗುರುತಿಸಿತು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು, ಆ 39ರಲ್ಲಿ 21 ಕಲಬುರಗಿ ವಿಭಾಗದವೇ. 2006ರಲ್ಲಿ ಉದ್ಯೋಗ ಖಾತರಿ ಶುರುವಾದಾಗ ಮೊದಲ ಪಟ್ಟಿಯಲ್ಲೇ ರಾಯಚೂರು, ಕಲಬುರಗಿ ಇದ್ದವು. ಇದು ನಿಜಕ್ಕೂ ಒಳ್ಳೆ ಯೋಜನೆ. ಆದರೆ ಶುರುವಾದಾಗ ಕೊಟ್ಟ ಖಾತರಿ ವರ್ಷಕ್ಕೆ 100 ದಿನ, ಅದೂ ತಲೆಗಲ್ಲ, ಇಡೀ ಮನೆಗೆ. ಮೇಸ್ತ್ರಿಯ ದುಡ್ಡು ಕೆಲಸಕ್ಕೆ ಮೊದಲೇ ಕೈಗೆ ಬರುತ್ತದೆ, ಖಾತರಿಯ ಕೂಲಿ ಕೆಲಸ ಆದ ಮೇಲೆ, ಎಷ್ಟೋ ಸಲ ತಡವಾಗಿ. ಸಾಲಗಾರ ಬಾಗಿಲಲ್ಲಿ ನಿಂತಾಗ ಯಾವುದನ್ನು ಹಿಡಿಯುತ್ತಾರೆ ಹೇಳಿ. 2013ರಲ್ಲಿ, ಈ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿ ಬಂತು. ಕಾಲೇಜು ಸೀಟು, ಸರ್ಕಾರಿ ನೌಕರಿಯಲ್ಲಿ ಮೀಸಲು ಸಿಕ್ಕಿತು. ಓದು ಮುಗಿಸಿದವರಿಗೆ ಅದು ದೊಡ್ಡ ಆಸರೆ. ದೀಪಾವಳಿ ಆದ ಮೇಲೆ ಶಾಲೆ ಬಿಡಿಸಿಕೊಂಡು ಶೆಡ್ಡಿಗೆ ಬಂದ ಮಗು ಅಲ್ಲಿಯವರೆಗೆ ತಲುಪುವುದು ಹೇಗೆ?

ಇನ್ನೊಂದು ವಿಷಯ ಜಾಸ್ತಿ ಜನಕ್ಕೆ ಗೊತ್ತಿಲ್ಲ. ವಲಸೆ ಕಾರ್ಮಿಕರಿಗೆ ಅಂತಲೇ 1979ರಲ್ಲಿ ಕಾಯ್ದೆ ಬಂದಿತ್ತು, ಆದರೆ ಅದು ರಾಜ್ಯದ ಗಡಿ ದಾಟಿದವರಿಗೆ ಮಾತ್ರ. ಯಾದಗಿರಿ ಜಿಲ್ಲೆಯ ಸುರಪುರದಿಂದ ಬೆಂಗಳೂರಿಗೆ ಬಂದವರು ಆ ಲೆಕ್ಕಕ್ಕೇ ಬರಲಿಲ್ಲ. 2020ರ ಲಾಕ್‌ಡೌನ್‌ನಲ್ಲಿ ಮೆಜೆಸ್ಟಿಕ್ ತುಂಬ ಗಂಟುಮೂಟೆ ಹೊತ್ತು ನಿಂತಾಗಲೇ ನಗರಕ್ಕೆಲ್ಲ ಇವರು ಕಣ್ಣಿಗೆ ಬಿದ್ದಿದ್ದು. ಊರಿಗೆ ಹೋದವರು ವಾಪಸ್ ಬಂದರು, ಈ ಸಲ ಕೂತು ತಿಂದ ತಿಂಗಳುಗಳ ಸಾಲವೂ ತಲೆ ಮೇಲಿತ್ತು.